ಹತ್ತು ರೂಪಾಯಿಯ ಲೈಸೆನ್ಸು: ಭಾರತೀಯ ಬಾನುಲಿಯ ಒಂದು ಹಳೆಯ ಲೆಕ್ಕದ ಮರುಪರಿಶೀಲನೆ

ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ 1930ರ ಮಾರ್ಚ್ ತಿಂಗಳಲ್ಲಿ ಮುಚ್ಚಿಹೋಯಿತು. ಜನ ಲೈಸೆನ್ಸು ಮಾಡಿಸದೆ ಕದ್ದು ಕೇಳಿದರು, ಹಣ ಕಟ್ಟಲಿಲ್ಲ, ಅದಕ್ಕೇ ಕಂಪನಿ ಮುಳುಗಿತು ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ವಿವರಣೆ. ಚರಿತ್ರೆಯ ಪುಟದಲ್ಲಿ ಇದ್ದುಕೊಂಡಿದ್ದರೆ ಈ ಮಾತಿಗೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಪ್ರಸಾರ ಭಾರತಿಗೆ ಹಣ ಎಲ್ಲಿಂದ ಬರಬೇಕು ಎಂಬ ಚರ್ಚೆ ಎದ್ದಾಗಲೆಲ್ಲ ಇದೇ ಮಾತು ಸಾಕ್ಷಿಯ ಕಟಕಟೆಗೆ ಬಂದು ನಿಲ್ಲುತ್ತದೆ. ಬ್ರಿಟನ್ನಿನ ಮನೆಗಳು ಕೊಡುತ್ತವೆ, ಭಾರತದ ಮನೆಗಳು ಹಿಂದೆಯೂ ಕೊಡಲಿಲ್ಲ, ಮುಂದೆಯೂ ಕೊಡುವುದಿಲ್ಲ ಎಂದು ತೀರ್ಪು ಬಂದುಬಿಡುತ್ತದೆ. ನಾನು ಗುರುಸಮಾನರೆಂದು ಭಾವಿಸುವ ಹಿರಿಯ ವಿದ್ವಾಂಸರೊಬ್ಬರೂ ಈ ತೀರ್ಪನ್ನೇ ಬರೆದಿದ್ದಾರೆ. ಬಾನುಲಿಯ ಕಡತಗಳನ್ನು ಓದುವುದನ್ನು ನಮ್ಮ ತಲೆಮಾರಿನವರು ಕಲಿತದ್ದೇ ಅವರಿಂದ. ಆ ಋಣವನ್ನು ಮರೆಯದೆ ಹೇಳುತ್ತಿದ್ದೇನೆ: ಅವರು ಅಂಕಿಗಳನ್ನು ಕೊಟ್ಟರು, ಕೂಡಿ ಕಳೆದು ನೋಡಲಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ವರ್ಷದ ಲೈಸೆನ್ಸು ಶುಲ್ಕ 10 ರೂಪಾಯಿ. ಅದರಲ್ಲಿ ಕಂಪನಿಗೆ ಸಲ್ಲುತ್ತಿದ್ದುದು ಶೇ. 80, ಅಂದರೆ 8 ರೂಪಾಯಿ. 1927ರ ಕೊನೆಗೆ 3,594 ಲೈಸೆನ್ಸುಗಳಿದ್ದವು, 1928ರ ಕೊನೆಗೆ 6,152, 1929ರ ಕೊನೆಗೆ 7,775. ಕೊನೆಯ ವರ್ಷದ ಸಂಖ್ಯೆಯನ್ನೇ ಹಿಡಿದರೂ ಕಂಪನಿಯ ಪಾಲು 62,200 ರೂಪಾಯಿ. ಖರ್ಚಾದರೋ ಆರಂಭದಲ್ಲಿ ತಿಂಗಳಿಗೆ ಸುಮಾರು 33,000 ರೂಪಾಯಿ. ಕೈ ಬಿಗಿ ಹಿಡಿದ ಮೇಲೂ 24,000ದ ಆಸುಪಾಸು. ವರ್ಷಕ್ಕೆ 2,88,000 ಎಂದಾಯಿತು. ಆಮದಾದ ಯಂತ್ರಗಳ ಬೆಲೆಯ ಮೇಲೆ ಸಿಗಬೇಕಿದ್ದ ಶೇ. 10ರ ಪಾಲನ್ನು ಸದ್ಯಕ್ಕೆ ಬದಿಗಿಡೋಣ. ಬರಿಯ ಲೈಸೆನ್ಸು ಹಣದಿಂದ ಈ ಖರ್ಚು ತೂಗಬೇಕಿದ್ದರೆ 36,000 ಲೈಸೆನ್ಸು ಬೇಕಿತ್ತು.

ಹಾಗಾದರೆ ಕದ್ದು ಕೇಳಿದವರಿಂದಲೇ ಕಂಪನಿ ಮುಳುಗಿತು ಎನ್ನುವವರು 1929ರಲ್ಲಿ 28,000ಕ್ಕೂ ಹೆಚ್ಚು ಯಂತ್ರಗಳು ಮನೆಗಳಲ್ಲಿ ಅಡಗಿ ಕುಳಿತಿದ್ದವೆಂದು ತೋರಿಸಬೇಕು. ಅದು ಆಗುವ ಮಾತಲ್ಲ. ಆರು ವರ್ಷ ಕಳೆದು, ಕಠಿಣವಾದ ಹೊಸ ಕಾನೂನು ಬಂದು, 1935 ಮುಗಿಯುವ ಹೊತ್ತಿಗೆ ದೇಶದಲ್ಲಿದ್ದ ಒಟ್ಟು ಲೈಸೆನ್ಸುಗಳೇ ಸುಮಾರು 25,000. ಲೈಸೆನ್ಸು ಪಡೆದ ಪ್ರತಿಯೊಂದು ಯಂತ್ರಕ್ಕೂ ಒಂದೊಂದು ಕಳ್ಳ ಯಂತ್ರವಿತ್ತೆಂದು ಒಪ್ಪಿ, ಅವರೆಲ್ಲರಿಂದಲೂ ಶುಲ್ಕ ಬಂತೆಂದು ಭಾವಿಸಿದರೂ ಕಂಪನಿಯ ಆದಾಯ 1,24,400 ರೂಪಾಯಿ. ಖರ್ಚಿನ ಅರ್ಧಕ್ಕೂ ಕಡಿಮೆ.

ಕಂಪನಿ ಸತ್ತದ್ದು ಅದರ ಹುಟ್ಟಿನಲ್ಲೇ ಇದ್ದ ದೋಷದಿಂದ. 1927ರ ಜುಲೈ 23ರಂದು ಲಾರ್ಡ್ ಇರ್ವಿನ್ ಉದ್ಘಾಟಿಸಿದ ಮುಂಬಯಿ ನಿಲಯಕ್ಕೂ ಮರುತಿಂಗಳು ಆರಂಭವಾದ ಕಲ್ಕತ್ತದ ನಿಲಯಕ್ಕೂ ಇದ್ದ ಶಕ್ತಿ ಒಂದೂವರೆ ಕಿಲೋವಾಟ್. ಚೆನ್ನಾಗಿ ಕೇಳಿಸುತ್ತಿದ್ದುದು ಸುಮಾರು 30 ಮೈಲಿಯ ವ್ಯಾಪ್ತಿಯಲ್ಲಿ. ಮುಂಬಯಿ ಪ್ರಾಂತಕ್ಕೇ ಸೇರಿದ್ದ ಧಾರವಾಡದ ಮನೆಯವರು ಹತ್ತು ರೂಪಾಯಿ ಕಟ್ಟಿದ್ದರೆ ಅವರಿಗೆ ಸಿಗುತ್ತಿದ್ದುದೇನು? (ಧಾರವಾಡಕ್ಕೆ ಸ್ವಂತ ನಿಲಯ ಬಂದದ್ದು 1950ರ ಜನವರಿಯಲ್ಲಿ.) ಆರು ಲಕ್ಷ ರೂಪಾಯಿ ಬಂಡವಾಳ ಕೂಡಿಸಿ, ಅದರಲ್ಲಿ ನಾಲ್ಕೂವರೆ ಲಕ್ಷವನ್ನು ಎರಡು ನಿಲಯಗಳ ಸ್ಥಾಪನೆಗೇ ಸುರಿದ ಸಂಸ್ಥೆಗೆ ಕೇಳುಗರು ಬೆಳೆಯುವವರೆಗೆ ಕಾಯುವ ತ್ರಾಣ ಇರಲಿಲ್ಲ. ಬ್ರಿಟನ್ನಿನಲ್ಲಿ ಬಿಬಿಸಿ 1927ರಲ್ಲಿ ಸಾರ್ವಜನಿಕ ಸಂಸ್ಥೆಯಾಗುವಾಗಲೇ ಲೈಸೆನ್ಸುಗಳು 20 ಲಕ್ಷ ದಾಟಿದ್ದವು. ಇವೆರಡನ್ನು ಅಕ್ಕಪಕ್ಕ ಇಟ್ಟು ಜನರ ಪ್ರಾಮಾಣಿಕತೆಯ ಬಗ್ಗೆ ತೀರ್ಮಾನಕ್ಕೆ ಬರುವುದು ಸಂಶೋಧನೆಯಲ್ಲ.

ಈಗ ಮುಖ್ಯವಾದ ತಕರಾರಿಗೆ ಬರುತ್ತೇನೆ. 1932ರ ಕೊನೆಗೆ 8,557 ಇದ್ದ ಲೈಸೆನ್ಸುಗಳು 1934ರ ಕೊನೆಗೆ 16,179 ಆದವು. ಎರಡೇ ವರ್ಷಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿ. ಇದಕ್ಕೆ ಎಲ್ಲರೂ ಕೊಡುವ ಕಾರಣ, 1932ರ ಡಿಸೆಂಬರ್‌ನಲ್ಲಿ ಆರಂಭವಾದ ಬಿಬಿಸಿಯ ಎಂಪೈರ್ ಸರ್ವಿಸ್. ಇಲ್ಲಿದ್ದ ಐರೋಪ್ಯರು ತಾಯ್ನಾಡಿನ ದನಿ ಕೇಳಲು ಹೊಸ ಯಂತ್ರಗಳನ್ನು ಕೊಂಡರು, ಲೈಸೆನ್ಸು ಏರಿತು ಎಂಬ ವಾದ. ಇದನ್ನು ಒಪ್ಪಿದರೆ ಮುಂದಿನದನ್ನೂ ಒಪ್ಪಬೇಕಾಗುತ್ತದೆ: ಏರಿಕೆಯೆಲ್ಲ ಹೊಸ ಗಿರಾಕಿಗಳದು, ಹಳೆಯ ಕಳ್ಳರು ಕಳ್ಳರಾಗಿಯೇ ಉಳಿದರು.

ಆದರೆ ಈ ಎರಡು ವರ್ಷಗಳನ್ನು ಒಟ್ಟುಗೂಡಿಸಿ ಓದಿದ್ದೇ ತಪ್ಪು. ನಡುವಿನ ಒಂದು ಅಂಕಿಯನ್ನು ಯಾರೂ ನಿಂತು ನೋಡಲಿಲ್ಲ. 1933ರ ಕೊನೆಗೆ ಲೈಸೆನ್ಸುಗಳು 10,872. ಅಂದರೆ ಎಂಪೈರ್ ಸರ್ವಿಸ್ ಹೊಸದಾಗಿದ್ದ ಮೊದಲ ವರ್ಷದಲ್ಲಿ ಏರಿದ್ದು 2,315, ಶೇ. 27. ಎರಡನೆಯ ವರ್ಷದಲ್ಲಿ ಏರಿದ್ದು 5,307, ಶೇ. 49ರ ಸಮೀಪ. ಲಂಡನ್ನಿನ ದನಿಯೇ ಕಾರಣವಾಗಿದ್ದರೆ ಹೊಸತನದ ವರ್ಷದಲ್ಲಿ ಮಂದವಾಗಿದ್ದ ಏರಿಕೆ ಮರುವರ್ಷ ಏಕೆ ಎರಡುಪಟ್ಟಿಗಿಂತ ಹೆಚ್ಚಾಯಿತು? 1932ರಲ್ಲಿ ಸರ್ಕಾರ ಬಾನುಲಿ ಯಂತ್ರಗಳ ಆಮದು ಸುಂಕವನ್ನು ಶೇ. 25ರಿಂದ ಶೇ. 50ಕ್ಕೆ ಏರಿಸಿ, ಹೊಸ ಯಂತ್ರ ಕೊಳ್ಳುವುದನ್ನು ಇನ್ನಷ್ಟು ದುಬಾರಿಯಾಗಿಸಿತ್ತು ಎಂಬುದನ್ನೂ ನೆನೆಯಬೇಕು.

1934ರ ಜನವರಿ 1ರಂದು ಜಾರಿಗೆ ಬಂದದ್ದು ಇಂಡಿಯನ್ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆ. 1933ರ 17ನೆಯ ಕಾಯಿದೆ ಇದು. ನಮ್ಮ ಚರಿತ್ರೆಕಾರರು ಇದರ ಹೆಸರು ಹೇಳಿ ಮುಂದೆ ಹೋಗುತ್ತಾರೆ. ಕಲಮುಗಳನ್ನು ಓದಿದ ಗುರುತು ಅವರ ಬರಹದಲ್ಲಿ ಕಾಣುವುದಿಲ್ಲ. ಅದಕ್ಕೂ ಮೊದಲು ಇದ್ದ 1885ರ ಟೆಲಿಗ್ರಾಫ್ ಕಾಯಿದೆಯಲ್ಲಿ ಅಪರಾಧವಾಗಿದ್ದುದು ಅನುಮತಿಯಿಲ್ಲದೆ ತಂತಿಯಂತ್ರವನ್ನು ಸ್ಥಾಪಿಸುವುದು, ನಡೆಸುವುದು. ಬಾನುಲಿ ಪೆಟ್ಟಿಗೆ ಮನೆಯಲ್ಲಿ ಸುಮ್ಮನೆ ಇದ್ದರೆ ತಪ್ಪಿಲ್ಲ. ಅದು ನಡೆಯುತ್ತಿತ್ತೆಂದು ತೋರಿಸುವ ಭಾರ ಸರ್ಕಾರದ ಮೇಲೆ. ಸಂಜೆ ಬಾಗಿಲು ಮುಚ್ಚಿಕೊಂಡು ಕೇಳಿದವರನ್ನು ಹಿಡಿಯುವ ದಾರಿಯೇ ಇರಲಿಲ್ಲ.

ಹೊಸ ಕಾಯಿದೆಯ 3ನೆಯ ಕಲಮು ಯಂತ್ರವನ್ನು ಇಟ್ಟುಕೊಳ್ಳುವುದಕ್ಕೇ ಲೈಸೆನ್ಸು ಬೇಕೆಂದಿತು. 6ನೆಯ ಕಲಮಿನಲ್ಲಿ ಮೊದಲ ಸಲ ಸಿಕ್ಕಿಬಿದ್ದರೆ ನೂರು ರೂಪಾಯಿಯವರೆಗೆ ದಂಡ, ಮತ್ತೆ ಸಿಕ್ಕಿಬಿದ್ದರೆ ಇನ್ನೂರೈವತ್ತರವರೆಗೆ. 7ನೆಯ ಕಲಮು ಶೋಧನೆಯ ಅಧಿಕಾರ ಕೊಟ್ಟಿತು. ನನ್ನ ವಾದಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು 6ನೆಯ ಕಲಮಿನ ಎರಡನೆಯ ಉಪಕಲಮು. ಯಂತ್ರ ಮೇಲ್ನೋಟಕ್ಕೆ ಯಾರ ಸುಪರ್ದಿಯಲ್ಲಿದೆಯೋ, ಅಥವಾ ಅದಿರುವ ಜಾಗ ಯಾರ ಹತೋಟಿಯಲ್ಲಿದೆಯೋ, ಯಂತ್ರವೂ ಅವರದೇ ವಶದಲ್ಲಿದೆ ಎಂದು ನ್ಯಾಯಾಲಯ ಭಾವಿಸಬಹುದು ಎನ್ನುತ್ತದೆ ಅದು. ಯಾರು ಕೇಳಿದರು, ಯಾವ ನಿಲಯ ಕೇಳಿದರು, ಪೆಟ್ಟಿಗೆ ಅಣ್ಣನದೋ ತಮ್ಮನದೋ, ಇದಾವುದೂ ಮುಖ್ಯವಲ್ಲ. ಮನೆ ಯಾರದೋ ಹೊಣೆ ಅವರದು. ಮನೆಯನ್ನೇ ಬಾನುಲಿ ಶುಲ್ಕದ ಘಟಕವಾಗಿ ಕಾಣುವ ದೃಷ್ಟಿ ಭಾರತದ ಕಾನೂನಿಗೆ ಬಂದದ್ದು ಇಲ್ಲಿ, 1933ರಲ್ಲಿ. ಅದು ಯುರೋಪಿನಿಂದ ಈಚೆಗೆ ಬಂದ ಹೊಸ ವಿಚಾರ ಎನ್ನುವವರು ಈ ಉಪಕಲಮನ್ನು ಓದಬೇಕು.

1934ರಲ್ಲಿ ಏರಿದ ಐದು ಸಾವಿರ ಚಿಲ್ಲರೆ ಲೈಸೆನ್ಸುಗಳಲ್ಲಿ ಒಂದು ದೊಡ್ಡ ಪಾಲು ಅಂಗಡಿಯಿಂದ ಬಂದ ಹೊಸ ಯಂತ್ರಗಳದಲ್ಲ, ಅಟ್ಟದಿಂದಿಳಿದು ಅಂಚೆ ಕಚೇರಿಯ ದಾಖಲೆಗೆ ಬಂದ ಹಳೆಯ ಯಂತ್ರಗಳದು ಎಂಬುದು ನನ್ನ ವಾದ. ಇದಕ್ಕೆ ಬಲವಾದ ಆಕ್ಷೇಪ ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. 1935ರಲ್ಲಿ ಯಾವ ಹೊಸ ಕಾನೂನೂ ಬರಲಿಲ್ಲ, ಆದರೂ ಲೈಸೆನ್ಸು ಸುಮಾರು 25,000ಕ್ಕೆ ಏರಿತು. ಏರಿಕೆಯ ವೇಗ ಹಿಂದಿನ ವರ್ಷಕ್ಕಿಂತ ಕಡಿಮೆಯೇನೂ ಅಲ್ಲ. ಹಾಗಾಗಿ 1934ರ ಏರಿಕೆಯೆಲ್ಲ ಕಾನೂನಿನ ಭಯದಿಂದ ಎಂದು ನಾನು ಹೇಳಲಾರೆ. ಹೇಳುವುದಿಷ್ಟು: ಅಡಗಿದ್ದ ಯಂತ್ರಗಳು ಎಷ್ಟಿದ್ದಿರಬಹುದು ಎಂಬುದಕ್ಕೆ ಆ 5,307 ಒಂದು ಮೇಲಿನ ಮಿತಿ. ಕಂಪನಿಯ ನಷ್ಟವನ್ನು ತುಂಬಲು ಅದರ ಐದು ಪಟ್ಟಾದರೂ ಬೇಕಿತ್ತು. ಎಂಪೈರ್ ಸರ್ವಿಸ್ ಪಕ್ಷದವರು ಏರಿಕೆಯೆಲ್ಲ ಹೊಸ ಯಂತ್ರಗಳದೇ ಎಂದು ಹಟ ಹಿಡಿದರೆ, ಅಡಗಿದ್ದ ಯಂತ್ರಗಳಿಗೆ ಅವರ ಬಳಿ ಯಾವ ಸಾಕ್ಷಿಯೂ ಉಳಿಯುವುದಿಲ್ಲ. ಕಳ್ಳ ಕೇಳುಗರ ಕಥೆ ಆಗ ಇನ್ನಷ್ಟು ಸೊರಗುತ್ತದೆ.

1936ರ ಕೊನೆಗೆ ಲೈಸೆನ್ಸುಗಳು 37,000 ದಾಟಿದವು. ಕಂಪನಿಗೆ ಬೇಕಿದ್ದ 36,000 ಎಂಬ ಗುರಿ, ಅದು ಮುಚ್ಚಿ ಏಳು ವರ್ಷ ತುಂಬುವ ಮೊದಲೇ ಮುಟ್ಟಿತು. 1939ರ ಕೊನೆಗೆ ಸಂಖ್ಯೆ 92,000ಕ್ಕೂ ಮೇಲೆ. ಸ್ವಾತಂತ್ರ್ಯಾನಂತರ, 1970ರ ದಶಕದ ಆರಂಭಕ್ಕೆ, ಒಂದು ಕೋಟಿಗೂ ಮೀರಿತು.

ಕೋಟಿ ಮನೆಗಳು ಹಣ ಕೊಟ್ಟದ್ದು ಹೇಗೆಂಬುದಕ್ಕೆ ಆ ಕಾಲದ ಲೈಸೆನ್ಸು ಪುಸ್ತಕಗಳೇ ಸಾಕ್ಷಿ. ನನ್ನ ಮುಂದೆ ಅಂಥದೊಂದಿದೆ. ಮೊದಲ ಪುಟದಲ್ಲಿ ಯಜಮಾನರ ಹೆಸರು, ಬೀದಿ, ಯಂತ್ರ ತಯಾರಿಸಿದವರ ಹೆಸರು, ಮಾದರಿ. ಒಳಗಿನ ಚೌಕಗಳಲ್ಲಿ ವರ್ಷಕ್ಕೊಂದರಂತೆ ಅಂಟಿಸಿದ ಶುಲ್ಕದ ಚೀಟಿಗಳು, ಒಂದೊಂದರ ಮೇಲೂ ಅಂಚೆ ಕಚೇರಿಯ ದುಂಡು ಮೊಹರು. ಕಾಯಿದೆಯ 6ನೆಯ ಕಲಮು ಕಲ್ಪಿಸಿಕೊಂಡ ಗೃಹಸ್ಥ ಇಲ್ಲಿ ಹೆಸರು, ವಿಳಾಸ ಸಮೇತ ಇದ್ದಾನೆ, ತಪ್ಪದೆ ಕಟ್ಟಿದ್ದಾನೆ. ಇಂಥ ಪುಸ್ತಕಗಳನ್ನು ನಮ್ಮ ಪತ್ರಾಗಾರಗಳು ದಾಖಲೆಯೆಂದು ಎಣಿಸಿಲ್ಲ, ರದ್ದಿಗೆ ಹೋಗುತ್ತಿವೆ.

ಲೈಸೆನ್ಸಿನ ಹೊರಗೂ ದಾರಿಗಳಿದ್ದವು. 1924ರಲ್ಲಿ ಆರಂಭವಾದ ಮದರಾಸ್ ಪ್ರೆಸಿಡೆನ್ಸಿ ರೇಡಿಯೊ ಕ್ಲಬ್ ಸದಸ್ಯರ ಚಂದಾ ನಂಬಿ ಮೂರೇ ವರ್ಷದಲ್ಲಿ ನಿಂತಿತು. ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್‌ನಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಅವರ ಮೇಲಿನ ಗೌರವ ನನಗೆ ಯಾರಿಗಿಂತಲೂ ಕಡಿಮೆಯಿಲ್ಲ. ಆದರೆ ಆ ಸಾಹಸವನ್ನು ಎತ್ತಿಹಿಡಿದು, ಶುಲ್ಕವಿಲ್ಲದೆಯೂ ಸಾರ್ವಜನಿಕ ಬಾನುಲಿ ನಡೆಯುತ್ತದೆ ಎನ್ನುವ ಕನ್ನಡದ ಅಭಿಮಾನಿಗಳು ಅದರ ಮುಂದಿನ ಕಥೆಯನ್ನೂ ಹೇಳಬೇಕು. ಸ್ವಂತ ಹಣ, ದಾನಿಗಳ ನೆರವು, ಪುರಸಭೆಯ ಸಹಾಯ ಇವುಗಳಿಂದ ಕೆಲವು ವರ್ಷ ನಡೆದು, 1940ರ ದಶಕದ ಆರಂಭದಲ್ಲಿ ಅದು ಸಂಸ್ಥಾನದ ಸರ್ಕಾರದ ಕೈ ಸೇರಿತು. ಒಬ್ಬ ಮನುಷ್ಯನ ಕಿಸೆಯಾಗಲಿ ಔದಾರ್ಯವಾಗಲಿ ನಿಲಯವೊಂದಕ್ಕೆ ಶಾಶ್ವತ ಆಧಾರವಾಗದು.

ಮನೆಗಳು ಕೊಡಬೇಕೆಂಬುದೇ ನನ್ನ ಪಕ್ಷ. ಆದರೆ ಎಲ್ಲ ಮನೆಗೂ ಒಂದೇ ಮೊತ್ತ ಎಂಬುದು ಬಡವರಿಗೆ ಅನ್ಯಾಯ. 1930ರ ದಶಕದ ಕೂಲಿಯವನಿಗೆ ಹತ್ತು ರೂಪಾಯಿ ಕಟ್ಟು ಎನ್ನುವುದು ಬಾನುಲಿ ನಿನಗಲ್ಲ ಎಂದು ಹೇಳಿದಂತೆಯೇ. ಜರ್ಮನಿ 2013ರಿಂದ ಯಂತ್ರವಿರಲಿ ಬಿಡಲಿ ಪ್ರತಿ ಮನೆಗೂ ಶುಲ್ಕ ವಿಧಿಸುತ್ತಿದೆ, ಸರ್ಕಾರಿ ನೆರವಿನಲ್ಲಿ ಬದುಕುವವರಿಗೆ ವಿನಾಯಿತಿ ಇದೆ. 2018ರ ಜುಲೈನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಈ ವ್ಯವಸ್ಥೆಯನ್ನು ಎತ್ತಿಹಿಡಿದು, ಎರಡನೆಯ ಮನೆಗೆ ಮತ್ತೊಮ್ಮೆ ವಸೂಲು ಮಾಡುವುದನ್ನು ಮಾತ್ರ ತಳ್ಳಿಹಾಕಿತು. ಪ್ರಸಾರ ಸಂಸ್ಥೆಗಳಿಗೆ ಎಷ್ಟು ಹಣ ಬೇಕೆಂದು ಅಲ್ಲಿ ಲೆಕ್ಕ ಹಾಕುವುದು ಸರ್ಕಾರವಲ್ಲ, ಸ್ವತಂತ್ರ ಆಯೋಗ.

ನಮ್ಮಲ್ಲಿ ಆಗಿದ್ದು ಬೇರೆ. 1930ರಿಂದ ಬಾನುಲಿ ಸರ್ಕಾರದ ಇಲಾಖೆಯಾಗಿತ್ತು. ಕೇಳುಗ ಕಟ್ಟಿದ ಹಣಕ್ಕೂ ನಿಲಯದ ಕಾರ್ಯಕ್ರಮಕ್ಕೂ ನಡುವೆ ಯಾವಾಗಲೂ ಬೊಕ್ಕಸ ನಿಂತಿತ್ತು. ಹಣ ಕೊಟ್ಟವನಿಗೆ ಪ್ರಶ್ನಿಸುವ ಹಕ್ಕು ಹುಟ್ಟಲಿಲ್ಲ. ಹಾಗಾಗಿ 1980ರ ದಶಕದ ಮಧ್ಯದಲ್ಲಿ ಲೈಸೆನ್ಸನ್ನು ರದ್ದು ಮಾಡಿದಾಗ ಅದು ಕೇಳುಗರಿಗೆ ಉಪಕಾರವಾಗಿ ಕಂಡಿತೇ ಹೊರತು ನಷ್ಟವಾಗಿ ಅಲ್ಲ. 1990ರ ಪ್ರಸಾರ ಭಾರತಿ ಕಾಯಿದೆಯ 17ನೆಯ ಕಲಮಿನಲ್ಲಿ ಲೈಸೆನ್ಸು ಶುಲ್ಕದ ಪ್ರಸ್ತಾಪ ಮತ್ತೆ ಬರುತ್ತದೆ: ಅಂಥ ಶುಲ್ಕವೇನಾದರೂ ಬಂದರೆ, ವಸೂಲಿ ಖರ್ಚು ಕಳೆದು, ಸಂಸತ್ತಿನ ಮಂಜೂರಾತಿಯ ನಂತರ ಕೇಂದ್ರ ಸರ್ಕಾರ ಅದನ್ನು ನಿಗಮಕ್ಕೆ ಕೊಡಬಹುದು. ಕೊಡಲೇಬೇಕೆಂದಿಲ್ಲ. ಮನೆಮನೆಯ ಶುಲ್ಕವನ್ನು ಮತ್ತೆ ತರಬೇಕೆನ್ನುವ ನನ್ನಂಥವರು ಮೊದಲು ತಿದ್ದುಪಡಿ ಕೇಳಬೇಕಾದದ್ದು ಈ ಕಲಮಿಗೆ.