ಫ್ರೆಂಚರ ಮನೆಯೂಟದ ವೈನು

ವೈನ್ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಸಿನಿಮಾದ ಶ್ರೀಮಂತರು, ನೀಳ ಕಾಲಿನ ಗಾಜಿನ ಲೋಟ, ಧೂಳು ಹಿಡಿದ ಹಳೆಯ ಬಾಟಲಿ. ಫ್ರಾನ್ಸಿನಲ್ಲಿ ಬಹುಜನರು ಕುಡಿದದ್ದು ಅದನ್ನಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಲ್ಲಿನ ಗಾರೆಯವನ ಮನೆಯಲ್ಲೂ ಗುಮಾಸ್ತನ ಮನೆಯಲ್ಲೂ ಬ್ರೆಡ್ಡು, ಸೂಪು, ಚೀಸಿನ ತುಂಡುಗಳ ಪಕ್ಕದಲ್ಲಿ ಅಗ್ಗದ ಕೆಂಪು ವೈನಿನ ಲೀಟರ್ ಬಾಟಲಿಯೊಂದು ಇರುತ್ತಿತ್ತು. ಖಾಲಿಯಾದ ಬಾಟಲಿಯನ್ನು ಅಂಗಡಿಗೆ ಹಿಂತಿರುಗಿಸಿ ಬೇರೆ ತರುವುದು. ದಪ್ಪ ಗಾಜಿನ ಲೋಟಕ್ಕೆ ಸುರಿದು, ಬೇಕೆನಿಸಿದರೆ ನೀರು ಬೆರೆಸಿ, ತುತ್ತಿನ ನಡುವೆ ಗುಟುಕರಿಸುವುದು. ಮೂಸಿ ನೋಡಿ ವರ್ಣಿಸುವ ಗೋಜಿಲ್ಲ. ಅಮಲಿನ ಮಾತು ಬಿಟ್ಟರೆ, ನಮ್ಮ ಊಟದಲ್ಲಿ ಮಜ್ಜಿಗೆಗೆ ಇರುವ ಸ್ಥಾನವೇ ಅಲ್ಲಿ ಅದಕ್ಕೆ.

ಇದು ಅನಾದಿಯಿಂದ ಬಂದ ಪದ್ಧತಿ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಹಿಂದೆ ದ್ರಾಕ್ಷಿ ಬೆಳೆದ ರೈತನೇ ಎಷ್ಟೋ ಬಾರಿ ವೈನನ್ನು ಮಾರಿ, ಹಿಂಡಿ ಉಳಿದ ಸಿಪ್ಪೆಗೆ ನೀರು ಹೊಯ್ದು ಮಾಡಿದ ‘ಪಿಕೆಟ್’ ಎಂಬ ಸಪ್ಪೆ ಪಾನೀಯವನ್ನು ಕುಡಿಯುತ್ತಿದ್ದ. ಉತ್ತರದ ನಾರ್ಮಂಡಿಯಲ್ಲಿ ಸೇಬಿನ ಸೈಡರೇ ರೂಢಿ. 1850ರ ದಶಕದಲ್ಲಿ ದಕ್ಷಿಣದ ಲಾಂಗ್‌ದಾಕ್ ಪ್ರಾಂತಕ್ಕೂ ಪ್ಯಾರಿಸಿಗೂ ರೈಲಿನ ಸಂಪರ್ಕವಾದ ಮೇಲೆ ಕಥೆ ಬದಲಾಯಿತು. ಗುಣ ಕಡಿಮೆಯಾದರೂ ಹೇರಳವಾಗಿ ಫಲಿಸುವ ‘ಅರಮೋನ್’ ತಳಿಯ ವೈನು ಪೀಪಾಯಿಗಟ್ಟಲೆ ಕಾರ್ಖಾನೆ ಪಟ್ಟಣಗಳಿಗೆ ಹೋಯಿತು.

ಅಷ್ಟರಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರ ಎಂಬ ಹೇನು ಬಳ್ಳಿಗಳ ಬೇರು ತಿನ್ನತೊಡಗಿತು. ಕಾರಣ ಇದೇ ಎಂದು 1868ರಲ್ಲಿ ಮಾಂಪೆಲಿಯೆಯ ಸಸ್ಯವಿಜ್ಞಾನಿ ಪ್ಲಾಂಶಾನ್ ಮತ್ತು ಸಂಗಡಿಗರು ಕಂಡುಕೊಂಡರು. ಆದರೂ 1875ರಲ್ಲಿ ಸುಮಾರು 840 ಕೋಟಿ ಲೀಟರ್ ಇದ್ದ ಉತ್ಪನ್ನ 1889ರಲ್ಲಿ 230 ಕೋಟಿ ಲೀಟರಿನ ಆಸುಪಾಸಿಗೆ ಇಳಿಯಿತು. ಕೊನೆಗೆ ಅಮೆರಿಕದ ಬೇರಿಗೇ ಫ್ರೆಂಚ್ ಬಳ್ಳಿ ಕಸಿ ಮಾಡಿ ತೋಟಗಳನ್ನು ಉಳಿಸಿಕೊಂಡರು. ರೋಗ ತಂದ ನಾಡಿನಿಂದಲೇ ಮದ್ದೂ ಬಂತು! ಆದರೆ ಅಭಾವದ ಆ ವರ್ಷಗಳಲ್ಲಿ ವ್ಯಾಪಾರಿಗಳು ಒಣದ್ರಾಕ್ಷಿ, ಸಕ್ಕರೆ, ನೀರು ಕೂಡಿಸಿ ‘ವೈನು’ ಮಾಡುವುದನ್ನು ಕಲಿತಿದ್ದರು. ತೋಟಗಳು ಮತ್ತೆ ಫಲಕ್ಕೆ ಬಂದರೂ ಆ ವಿದ್ಯೆಯನ್ನು ಮರೆಯಲಿಲ್ಲ. ಬೆಲೆ ಕುಸಿಯಿತು, ರೈತ ಸಾಲಕ್ಕೆ ಬಿದ್ದ.

1907ರ ಮಾರ್ಚ್ 11ರಂದು ಆರ್ಜೆಲಿಯೆ ಎಂಬ ಹಳ್ಳಿಯಿಂದ 87 ಮಂದಿ ನಾರ್ಬಾನ್ ಪಟ್ಟಣಕ್ಕೆ ನಡೆದುಹೋಗಿ, ಅಲ್ಲಿಗೆ ಬಂದಿದ್ದ ಸಂಸತ್ತಿನ ವಿಚಾರಣಾ ಸಮಿತಿಯ ಮುಂದೆ ತಮ್ಮ ಗೋಳು ಹೇಳಿಕೊಂಡರು. ಮುಂದಾಳು ಮಾರ್ಸಲಾನ್ ಅಲ್ಬೇರ್. ಸಣ್ಣ ತೋಟ, ಚಿಕ್ಕದೊಂದು ಕಾಫಿ ಅಂಗಡಿ ಇಟ್ಟುಕೊಂಡಿದ್ದವನು. ಜೂನ್ 9ರಂದು ಮಾಂಪೆಲಿಯೆಯಲ್ಲಿ ಸೇರಿದವರು ಐದು ಲಕ್ಷಕ್ಕೂ ಮಿಕ್ಕಿ ಎಂದು ಅಂದಾಜು. ಸರ್ಕಾರ ಸೈನ್ಯ ಕಳಿಸಿತು. ನಾರ್ಬಾನಿನಲ್ಲಿ ಗುಂಡಿಗೆ ಜನ ಸತ್ತರು. 17ನೆಯ ರೆಜಿಮೆಂಟಿನ ಸಿಪಾಯಿಗಳು, ಬಹುಪಾಲು ಅದೇ ಸೀಮೆಯ ರೈತರ ಮಕ್ಕಳು, ದಂಗೆಯೆದ್ದು ಬೆಜಿಯೆ ಪಟ್ಟಣಕ್ಕೆ ನಡೆದುಬಿಟ್ಟರು.

ಅಲ್ಬೇರ್ ಗುಟ್ಟಾಗಿ ಪ್ಯಾರಿಸಿಗೆ ಹೋಗಿ ಪ್ರಧಾನಿ ಕ್ಲೆಮಾನ್ಸೊವನ್ನು ಕಂಡ. ಚತುರ ಪ್ರಧಾನಿ ಸಮಾಧಾನದ ಮಾತಾಡಿ, ಊರಿಗೆ ಮರಳುವ ಖರ್ಚಿಗೆಂದು ನೂರು ಫ್ರಾಂಕಿನ ನೋಟು ಕೊಟ್ಟ. ಇವನು ತೆಗೆದುಕೊಂಡ. ಮರುದಿನ ಸುದ್ದಿ ಪತ್ರಿಕೆಗಳಲ್ಲಿ! ಲಕ್ಷಗಟ್ಟಲೆ ಜನರ ನಾಯಕ ಒಂದು ನೋಟಿನಿಂದ ಮಣ್ಣುಪಾಲಾದ. 1921ರಲ್ಲಿ ಬಡವನಾಗಿಯೇ ತೀರಿಕೊಂಡ. ಬರಿಯ ಮುಗ್ಧತೆ ಎಂದೇ ನನಗೆ ಅನ್ನಿಸುತ್ತದೆ. ಚಳವಳಿ ಮಾತ್ರ ವ್ಯರ್ಥವಾಗಲಿಲ್ಲ. ಜೂನ್ 29ರಂದೇ ವೈನಿಗೆ ನೀರು ಬೆರೆಸಿ ಮಾರುವುದನ್ನೂ ಸಕ್ಕರೆಯ ದುರುಪಯೋಗವನ್ನೂ ತಡೆಯುವ ಕಾನೂನು ಬಂತು.

ಆ ವೈನನ್ನು ಎಲ್ಲರ ನಾಲಗೆಗೆ ಹತ್ತಿಸಿದ್ದು ಮೊದಲನೆಯ ಮಹಾಯುದ್ಧ. ಸೈನಿಕನಿಗೆ ದಿನಕ್ಕೆ ಕಾಲು ಲೀಟರ್ ‘ಪಿನಾರ್’, ಮುಂದೆ ಅರ್ಧ ಲೀಟರ್. ಸೈಡರ್ ಕುಡಿದು ಬೆಳೆದ ಉತ್ತರದ ಹುಡುಗರೂ ಕಂದಕಗಳಲ್ಲಿ ಅದನ್ನು ಕಲಿತು ಮನೆಗೆ ಒಯ್ದರು. ಶಾಲೆಯ ಊಟದಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ವೈನು ಕೊಡಬಾರದೆಂದು ಆಜ್ಞೆಯಾದದ್ದು 1956ರಲ್ಲಿ, ಅಷ್ಟು ತಡವಾಗಿ!

1960ರ ಸುಮಾರಿಗೆ ಫ್ರೆಂಚರು ತಲೆಗೆ ವರ್ಷಕ್ಕೆ ನೂರು ಲೀಟರಿಗೂ ಹೆಚ್ಚು ಕುಡಿಯುತ್ತಿದ್ದರು. ಈಗ ಅದರ ಅರ್ಧವೂ ಇಲ್ಲ. ಲೀಟರ್ ಬಾಟಲಿಯ ಜಾಗಕ್ಕೆ ನೀರಿನ ಬಾಟಲಿ ಬಂದಿದೆ. ವೈನು ಅತಿಥಿಗಳು ಬಂದ ದಿನಕ್ಕೆ ಸರಿದಿದೆ. ಆರೋಗ್ಯಕ್ಕೆ ಒಳ್ಳೆಯದೇ ಆಯಿತು, ನಿಜ. 2024ರಲ್ಲಿ ಅಲ್ಲಿನ ಸರ್ಕಾರ ದ್ರಾಕ್ಷಿ ಬಳ್ಳಿಗಳನ್ನು ಶಾಶ್ವತವಾಗಿ ಕಿತ್ತುಹಾಕಲು ಒಪ್ಪಿದ ಬೆಳೆಗಾರರಿಗೆ ಹೆಕ್ಟೇರಿಗೆ 4,000 ಯೂರೋ ಪರಿಹಾರ ಪ್ರಕಟಿಸಿತು.