ಬಾವಿಯ ಬಾಯಿ, ಒಡೆಯನ ಹೊಣೆ

ಬಾವಿಯನ್ನು ತೋಡಿಸುವುದು ಪುಣ್ಯಕಾರ್ಯವೆಂದು ನಾವೆಲ್ಲರೂ ಬಲ್ಲೆವು. ತೋಡಿದ ಬಾವಿಯ ಬಾಯಿಯನ್ನು ಕಾಯುವುದೂ ಅಷ್ಟೇ ದೊಡ್ಡ ಧರ್ಮವೆಂಬುದನ್ನು ಮಾತ್ರ ಮರೆಯುತ್ತೇವೆ.

ಈ ಧರ್ಮವು ಇಂದು ನಿನ್ನೆಯದಲ್ಲ. ಯೆಹೂದ್ಯರ ಪ್ರಾಚೀನ ಗ್ರಂಥವಾದ ವಿಮೋಚನಕಾಂಡದ ೨೧ನೆಯ ಅಧ್ಯಾಯದಲ್ಲಿ, ಗುಂಡಿಯನ್ನು ಅಗೆದು ಮುಚ್ಚದೆ ಬಿಟ್ಟವನು ಅದರಲ್ಲಿ ಬಿದ್ದು ಸತ್ತ ಎತ್ತು ಕತ್ತೆಗಳ ಬೆಲೆಯನ್ನು ತೆರಬೇಕೆಂಬ ವಿಧಿಯಿದೆ. ಅಲ್ಲಿನ ಮೂಲ ಶಬ್ದಕ್ಕೆ ನೀರಿನ ಹೊಂಡವೆಂಬ ಅರ್ಥವೂ ಉಂಟು. ಕ್ರಿ. ಶ. ೨೦೦ರ ಸುಮಾರಿಗೆ ಸಂಕಲಿತವಾದ ಮಿಷ್ನಾ ಎಂಬ ಅವರ ಧರ್ಮಸಂಹಿತೆಯು ಇದನ್ನು ಇನ್ನಷ್ಟು ವಿವರಿಸುತ್ತದೆ. ಗುಂಡಿಯನ್ನು ತಕ್ಕ ಹಾಗೆ ಮುಚ್ಚಿದವನಿಗೆ ಹೊಣೆಯಿಲ್ಲ. ಪಾಲುಗಾರರಿಬ್ಬರಿದ್ದು, ಮೊದಲನೆಯವನು ಮುಚ್ಚದೆ ಹಾದುಹೋಗಿ, ಎರಡನೆಯವನೂ ಹಾಗೆಯೇ ಹೋದರೆ, ಎರಡನೆಯವನೇ ಹೊಣೆ. ಮೊದಲನೆಯವನೂ ಮುಚ್ಚಲಿಲ್ಲವೆಂಬ ನೆಪವು ಅಲ್ಲಿ ನಡೆಯದು.

ನಮ್ಮ ಹಳ್ಳಿಗಳ ಸೇದುವ ಬಾವಿಗೆ ಕಟ್ಟೆಯಿತ್ತು, ರಾಟೆಯಿತ್ತು. ನೀರಿಗೆ ಬರುವವರ ಕಣ್ಣುಗಳೂ ಅದನ್ನು ಕಾಯುತ್ತಿದ್ದುವು. ಕೊಳವೆ ಬಾವಿಗೆ ಈ ಕಾವಲಿಲ್ಲ. ಹೊಲದ ನಡುವೆ ಗೇಣಗಲದ ಬಾಯಿ; ನೀರು ಬಾರದಿದ್ದರೆ ಒಡೆಯನು ಅದರತ್ತ ತಿರುಗಿಯೂ ನೋಡನು. ಅವನ ಆಸೆ ಮುಗಿದಲ್ಲಿಯೇ ಅಪಾಯವು ಮೊದಲಾಗುತ್ತದೆ. ೨೦೦೬ರ ಜುಲೈಯಲ್ಲಿ ಹರಿಯಾಣದ ಕುರುಕ್ಷೇತ್ರ ಜಿಲ್ಲೆಯ ಹಳ್ಳಿಯೊಂದರಲ್ಲಿ ಬಾಲಕನೊಬ್ಬನು ಹೀಗೆ ಬಿದ್ದು, ಸುಮಾರು ೫೦ ಗಂಟೆಗಳ ಬಳಿಕ ಬದುಕಿ ಬಂದನು. ೨೦೧೭ರ ಏಪ್ರಿಲಿನಲ್ಲಿ ನಮ್ಮ ಅಥಣಿ ತಾಲ್ಲೂಕಿನಲ್ಲಿ ಬಿದ್ದ ಬಾಲಕಿಯು ಬದುಕಿ ಬರಲಿಲ್ಲ. ೨೦೨೪ರ ಏಪ್ರಿಲಿನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗುವೊಂದನ್ನು ಸುಮಾರು ೨೦ ಗಂಟೆಗಳ ಪ್ರಯತ್ನದಿಂದ ಮೇಲೆತ್ತಲಾಯಿತು.

ಈ ನಡುವೆ ೨೦೧೦ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಒಡೆಯನ ಹೊಣೆಯನ್ನು ಸ್ಪಷ್ಟಪಡಿಸಿದ್ದಿತು. ಕೊರೆಸುವುದಕ್ಕೆ ೧೫ ದಿನ ಮುಂಚೆ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು; ಕೊರೆಯುವಾಗ ಬೇಲಿಯನ್ನೂ ಸೂಚನಾಫಲಕವನ್ನೂ ಹಾಕಬೇಕು; ಕೊಳವೆಯ ಸುತ್ತ ನೆಲದ ಮೇಲೆ ೩೦, ಕೆಳಗೆ ೩೦ ಸೆಂಟಿಮೀಟರಿನ ಸಿಮೆಂಟು ಕಟ್ಟೆಯಿರಬೇಕು; ಬಾಯಿಗೆ ಉಕ್ಕಿನ ಮುಚ್ಚಳವನ್ನು ಬಿಗಿಯಬೇಕು; ಕೈಬಿಟ್ಟ ಬಾವಿಯನ್ನು ತಳದಿಂದ ನೆಲದ ಮಟ್ಟದವರೆಗೂ ಮಣ್ಣು, ಮರಳು, ಕಲ್ಲುಗಳಿಂದ ತುಂಬಬೇಕು.

ಮುಚ್ಚುವುದೆಂದರೆ ಮರೆಮಾಡುವುದಲ್ಲ. ೨೦೨೩ರ ಮಾರ್ಚಿ ೩೦ರಂದು, ರಾಮನವಮಿಯ ದಿನ, ಇಂದೂರಿನ ದೇವಾಲಯವೊಂದರಲ್ಲಿ ಹಳೆಯ ಮೆಟ್ಟಲು ಬಾವಿಯ ಮೇಲೆ ಹಾಸಿದ್ದ ಚಪ್ಪಡಿಯು ಕುಸಿದು ೩೬ ಮಂದಿ ಪ್ರಾಣಬಿಟ್ಟರು. ‘ತಕ್ಕ ಹಾಗೆ’ ಎಂದ ಹಿಂದಿನವರ ಮಾತಿನ ತೂಕವು ಇಲ್ಲಿ ತಿಳಿಯುತ್ತದೆ.

ಬಾವಿಯು ಬತ್ತಿದರೂ ಒಡೆತನವು ಬತ್ತುವುದಿಲ್ಲ. ನೀರಿಗಾಗಿ ನೂರಾರು ಅಡಿ ಕೊರೆಸಬಲ್ಲ ನಾವು, ಅದೇ ಕುಳಿಗೆ ಮಣ್ಣು ತುಂಬಿಸುವ ಒಂದು ದಿನದ ಕೂಲಿಗೆ ಹಿಂದೆಗೆಯಬಾರದು.