ವಕೀಲರಿಲ್ಲದೆ ದಾವೆ ವಜಾ ಕೇಳುವುದು ಹೇಗೆ? ‘ನಿಯಮ 11’ರ ಒಳಗುಟ್ಟು

2018ರಲ್ಲಿ ನನಗೊಂದು ಸಮನ್ಸ್ ಬಂತು. 2014ರ ಫೆಬ್ರವರಿಯಲ್ಲಿ ಪಡೆದ ಕೈಸಾಲ ತೀರಿಸಿಲ್ಲ ಎಂಬ ದಾವೆ. ಸಾಲ ತೀರಿಸಿದ್ದೆ, ರಸೀದಿ ತಗೊಂಡಿರಲಿಲ್ಲ. ವಕೀಲರ ಫೀಸಿಗೆ ದುಡ್ಡಿಲ್ಲದೆ ನನ್ನ ಕೇಸು ನಾನೇ ನಡೆಸ್ತೀನಿ ಅಂತ ಹೊರಟೆ.

ಮೊದಲ ದಿನವೇ, “ಸ್ವಾಮಿ, ಇದು ಸುಳ್ಳು ಕೇಸು, ವಜಾ ಮಾಡಿ” ಅಂದೆ. “ಸುಳ್ಳೋ ನಿಜವೋ ಸಾಕ್ಷಿ ವಿಚಾರಣೆಯಲ್ಲಿ ನೋಡೋಣ. ಏನಿದ್ದರೂ ಬರೆದು ಕೊಡಿ” ಎಂದರು ನ್ಯಾಯಾಧೀಶರು. ನಾನು ಎಡವಿದ್ದು ಅಲ್ಲೇ.

ನಿಯಮ ಏನು?

ವಿಚಾರಣೆಗೂ ಮೊದಲೇ ದಾವೆಯನ್ನು ಕೈಬಿಡಿಸುವ ದಾರಿ ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ ಆದೇಶ 7, ನಿಯಮ 11ರಲ್ಲಿದೆ. ದಾವೆ ಹೂಡಲು ಕಾರಣವೇ ಇಲ್ಲದಿದ್ದರೆ, ಕಾನೂನೇ ಅದಕ್ಕೆ ಅಡ್ಡಿಯಾಗಿದ್ದರೆ, ಕೋರ್ಟು ಸೂಚಿಸಿದರೂ ಕಡಿಮೆ ಕಟ್ಟಿದ ಶುಲ್ಕ ತುಂಬದಿದ್ದರೆ ವಾದಪತ್ರ ತಿರಸ್ಕೃತವಾಗುತ್ತದೆ.

ಆದರೆ ಈ ಹಂತದಲ್ಲಿ ಕೋರ್ಟು ಓದುವುದು ಎದುರಾಳಿಯ ವಾದಪತ್ರ ಮತ್ತು ಅದರ ಜತೆಗಿನ ದಾಖಲೆಗಳನ್ನು ಮಾತ್ರ. ನಿಮ್ಮ ಸತ್ಯಕ್ಕೆ ಇನ್ನೂ ಸರದಿ ಬಂದಿರುವುದಿಲ್ಲ. 2002ರ ಸಲೀಂ ಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ.

ಹಾಗಾಗಿ ‘ತೀರಿಸಿದ್ದೇನೆ’ ಎಂಬುದನ್ನು ಪಕ್ಕಕ್ಕಿಟ್ಟೆ. ಅವರ ವಾದಪತ್ರದಲ್ಲೇ ಸಾಲದ ತಾರೀಖು ಇತ್ತು. ಗಡುವು ಗೊತ್ತುಮಾಡದ ಕೈಸಾಲಕ್ಕೆ ಕೊಟ್ಟ ದಿನದಿಂದ ಮೂರು ವರ್ಷವಷ್ಟೇ ಕಾಲಮಿತಿ. ನಡುವೆ ಭಾಗಶಃ ಪಾವತಿಯಾಗಲಿ, ಸಾಲ ಒಪ್ಪಿ ಬರೆದುಕೊಟ್ಟ ಪತ್ರವಾಗಲಿ ಇದ್ದರೆ ಲೆಕ್ಕ ಬದಲಾಗುತ್ತೆ. ಅವರು ಅಂಥದ್ದೇನೂ ಹೇಳಿರಲಿಲ್ಲ. ಆ ಪ್ಯಾರಾದ ಸಂಖ್ಯೆ ತೋರಿಸಿ ಎರಡು ಪುಟದ ಮಧ್ಯಂತರ ಅರ್ಜಿ ಬರೆದೆ, ಪ್ರಮಾಣಪತ್ರ ಲಗತ್ತಿಸಿ ಎದುರಿನ ವಕೀಲರಿಗೆ ಪ್ರತಿ ಕೊಟ್ಟೆ. ವಾದಪತ್ರ ತಿರಸ್ಕೃತವಾಯಿತು.

ಮರೆಯಬಾರದ್ದು

ಅರ್ಜಿ ಹಾಕಿದೆ ಅಂತ ಸುಮ್ಮನೆ ಕೂರಬೇಡಿ. ಸಮನ್ಸ್ ಕೈಸೇರಿದ 30 ದಿನಗಳಲ್ಲಿ ಲಿಖಿತ ಹೇಳಿಕೆ ಸಲ್ಲಿಸಬೇಕು. ಕೋರ್ಟು ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಅರ್ಜಿಯೇ ಬಿದ್ದುಹೋದರೆ ನಿಮ್ಮನ್ನು ಕಾಯುವುದು ಆ ಹೇಳಿಕೆ. ಅರ್ಜಿ ವಜಾ ಆದರೆ ಹೈಕೋರ್ಟಿಗೆ ಪುನರ್‌ಪರಿಶೀಲನೆ ಕೋರಬಹುದು. ಗೆದ್ದರೂ ನಿರಾಳವಲ್ಲ: ವಾದಿ ಮೇಲ್ಮನವಿ ಹೋಗಬಹುದು. ಶುಲ್ಕದಂಥ ಲೋಪ ತಿದ್ದಿ ಹೊಸ ದಾವೆಯನ್ನೂ ಹೂಡಬಹುದು, ಕಾಲಮಿತಿ ಉಳಿದಿದ್ದರೆ.

ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಕೋರ್ಟಿನ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮೊದಲು ವಿಚಾರಿಸಿ.

1977ರಲ್ಲಿ, ಬೆಂಗಳೂರಿನ ಬಾಡಿಗೆ ವ್ಯಾಜ್ಯವೊಂದರಲ್ಲಿ, ಹುರುಳಿಲ್ಲದ ದಾವೆಯನ್ನು ಮೊದಲ ಹಂತದಲ್ಲೇ ಚಿವುಟಬೇಕೆಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಕೆಳ ನ್ಯಾಯಾಲಯಗಳಿಗೆ ಹೇಳಿದ್ದರು. ಆದರೂ ಬಡವರು ವರ್ಷಗಟ್ಟಲೆ ಕೋರ್ಟು ಅಲೆಯುವುದು ನಿಂತಿಲ್ಲ. ನನ್ನನ್ನು ಉಳಿಸಿದ್ದು ನನ್ನ ಸತ್ಯವಲ್ಲ, ಅವರೇ ಬರೆದ ಒಂದು ತಾರೀಖು. ಸಮನ್ಸ್ ಬಂದರೆ ಹೆದರುವ ಮುನ್ನ ಅದರ ಜತೆಗಿರುವ ವಾದಪತ್ರವನ್ನು ಮೂರು ಸಲ ಓದಿ.